ಬದಲಿ ಆಟಗಾರರ ಗೆಲುವು, ಮರೆತುಹೋದ ಮುಷ್ಕರ

ಔರಾದ ಶಹಾಜನಿ, ನಿಲಂಗಾ, ಉಮರ್ಗಾ, ಉದಗೀರ ಭಾಗದ ಕನ್ನಡಿಗರಿಗೆ ‘ಬದಲಿ’ ಎಂಬ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅದು ಒಂದೇ. ಬಟ್ಟೆ ಗಿರಣಿಗಳ ಕಾಲದಲ್ಲಿ ಕಾಯಂ ಕೆಲಸಗಾರನು ಬಾರದ ದಿನ ಆತನ ಜಾಗದಲ್ಲಿ ನಿಲ್ಲುವವನೇ ಬದಲಿ ಕಾಮಗಾರ. ಗೇಟಿನ ಬಳಿ ಕಾದು ನಿಂತರೂ ಅಂದಿನ ಕೂಲಿ ದೊರೆಯುವ ಭರವಸೆ ಅವನಿಗಿರಲಿಲ್ಲ. ಇಂಥ ಬದಲಿಗಳನ್ನೇ ನಾಯಕರನ್ನಾಗಿಸಿದ ಹಾಸ್ಯಚಿತ್ರ, 2000ರಲ್ಲಿ ತೆರೆಕಂಡ ‘ದಿ ರಿಪ್ಲೇಸ್‌ಮೆಂಟ್ಸ್’.

ಅಮೆರಿಕನ್ ಫುಟ್‌ಬಾಲ್ ಆಟಗಾರರು ಮುಷ್ಕರ ಹೂಡಿದಾಗ ವಾಷಿಂಗ್ಟನ್ ತಂಡವು ವೃದ್ಧ ತರಬೇತುದಾರನೊಬ್ಬನನ್ನು ಕರೆಸುತ್ತದೆ. ಜೀನ್ ಹ್ಯಾಕ್‌ಮನ್ ಅಭಿನಯಿಸಿರುವ ಈ ತರಬೇತುದಾರನು ಕೂಡಿಸುವ ಪಡೆಯಲ್ಲಿ ಸುಮೋ ಮಲ್ಲನೊಬ್ಬ, ಕಿವುಡನೊಬ್ಬ, ಕೈದಿಯೊಬ್ಬ, ಪೊಲೀಸನೊಬ್ಬ ಇದ್ದಾರೆ. ಮುಂದಾಳು ಕಿಯಾನು ರೀವ್ಸ್, ದೋಣಿಗಳ ತಳ ತೊಳೆದು ಬದುಕುವವನು. ನಗೆಯೆಲ್ಲ ಈ ಬೆರಕೆಯಿಂದಲೇ ಹುಟ್ಟುತ್ತದೆ.

ಕಥೆಗೆ ಆಧಾರವಾದದ್ದು 1987ರ ಮುಷ್ಕರ. 24 ದಿನಗಳ ಆ ಅವಧಿಯಲ್ಲಿ ಮಾಲೀಕರು ಬದಲಿ ಆಟಗಾರರಿಂದ ಮೂರು ವಾರ ಪಂದ್ಯ ನಡೆಸಿದರು. ವಾಷಿಂಗ್ಟನ್ನಿನ ಬದಲಿಗಳು ಮೂರನ್ನೂ ಗೆದ್ದರು. ಮುಷ್ಕರ ಮುರಿದು ಬಂದ ತಾರೆಗಳಿದ್ದ ಡಲ್ಲಾಸ್ ತಂಡವನ್ನೂ 13–7ರಿಂದ ಮಣಿಸಿದರು. ತಂಡವು ಆ ಋತುವಿನ ಚಾಂಪಿಯನ್ ಆಯಿತು. ಆದರೆ ವಿಜಯದ ಉಂಗುರ ಬದಲಿಗಳ ಕೈಸೇರಿದ್ದು 2018ರಲ್ಲಿ.

ಕನ್ನಡಿಗರಿಗೆ ಇನ್ನೂ ಹತ್ತಿರದ ನಿದರ್ಶನವಿದೆ. ಅದು ಮುಷ್ಕರವಲ್ಲ, ಬಂಡಾಯ. 1977ರಲ್ಲಿ ಆಸ್ಟ್ರೇಲಿಯದ ಪ್ರಮುಖ ಕ್ರಿಕೆಟಿಗರು ಹೆಚ್ಚಿನ ಸಂಭಾವನೆಗಾಗಿ ಕೆರ್ರಿ ಪ್ಯಾಕರ್‌ನ ಪಾಳೆಯ ಸೇರಿದರು. ಅದೇ ವೇಳೆಗೆ ಬೇಡಿ ನಾಯಕತ್ವದ ಭಾರತ ಅಲ್ಲಿಗೆ ತೆರಳಿತ್ತು. ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನ, ಕಿರ್ಮಾನಿ ತಂಡದಲ್ಲಿದ್ದರು. ನಿವೃತ್ತನಾಗಿ ಹತ್ತು ವರ್ಷ ಕಳೆದಿದ್ದ 41ರ ಬಾಬ್ ಸಿಂಪ್ಸನ್ ಮತ್ತೆ ಬ್ಯಾಟು ಹಿಡಿದು ಹೊಸ ಹುಡುಗರ ನಾಯಕನಾದ. ಬ್ರಿಸ್ಬೇನ್‌ನಲ್ಲಿ ಆ ತಂಡ 16 ರನ್ನುಗಳಿಂದ ಗೆದ್ದಿತು. ಪರ್ತ್‌ನಲ್ಲಿ ರಾತ್ರಿ ಕಾವಲಿಗೆಂದು ಬಂದ ಬೌಲರ್ ಟೋನಿ ಮ್ಯಾನ್ ಶತಕ ಹೊಡೆದ. ಗೆಲುವು ಎರಡು ವಿಕೆಟ್‌ಗಳದು. ಮೆಲ್ಬರ್ನ್‌ನಲ್ಲಿ ಚಂದ್ರಶೇಖರ್ ಎರಡು ಇನಿಂಗ್ಸ್‌ಗಳಲ್ಲೂ 52 ರನ್ನಿಗೆ ಆರು ವಿಕೆಟ್ ಕಿತ್ತರು. ಆಸ್ಟ್ರೇಲಿಯದ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ವಿಜಯ ದೊರೆಯಿತು. ಸಿಡ್ನಿಯನ್ನೂ ಗೆದ್ದು ಸರಿಸಮ ಮಾಡಿಕೊಂಡ ಭಾರತ, ಅಡಿಲೇಡ್‌ನಲ್ಲಿ 493ರ ಗುರಿಯ ಬೆನ್ನಟ್ಟಿ 445ಕ್ಕೆ ನಿಂತಿತು. ಸರಣಿ 3–2ರಿಂದ ಬದಲಿಗಳ ಪಾಲಾಯಿತು.

ದುರ್ಬಲನ ಗೆಲುವು ಯಾರಿಗೆ ಹಿತವಲ್ಲ? ಆದರೆ ಚಿತ್ರವು ಮುಷ್ಕರ ಹೂಡಿದವರನ್ನು ಹಣದ ಸೊಕ್ಕಿನವರೆಂದು ತೋರಿಸಿ ಮುಗಿಸಿಬಿಡುತ್ತದೆ. ತಂಡ ಬದಲಿಸುವ ಸ್ವಾತಂತ್ರ್ಯವೇ ಅವರ ಮುಖ್ಯ ಬೇಡಿಕೆಯಾಗಿತ್ತೆಂಬುದನ್ನು ಹೇಳುವುದಿಲ್ಲ. ಬರಿಗೈಯಲ್ಲಿ ಹಿಂದಿರುಗಿದ ಅವರು ನ್ಯಾಯಾಲಯದ ಮೆಟ್ಟಿಲೇರಿದರು. 1993ರಲ್ಲಿ ಆ ಹಕ್ಕು ಜಾರಿಗೆ ಬಂದಿತು.

1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದಾಗ ಬದಲಿ ಕಾಮಗಾರರ ಕಾಯಮಾತಿಯೂ ಬೇಡಿಕೆಗಳಲ್ಲೊಂದಾಗಿತ್ತು. ಕಾಯಂ ನೌಕರನೂ ಬದಲಿಯೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದರು. ತೆರೆಯ ಮೇಲೆ ಅವರಿಬ್ಬರೂ ಎದುರಾಳಿಗಳು; ಬದುಕಿನಲ್ಲಿ ಇಬ್ಬರ ಹಸಿವೂ ಒಂದೇ. ಚಿತ್ರ ನೋಡಿ ಮನಸಾರೆ ನಕ್ಕವರು ಇಷ್ಟನ್ನು ನೆನೆದರೆ ಸಾಕು.