ಪೆಲೆಟ್ ಒಲೆ ಹೊತ್ತದಿದ್ದಾಗ

ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಪೆಲೆಟ್ ಉರಿಸುವ ‘ಊರ್ಜಾ’ ಒಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧನೆಯಿಂದ ರೂಪುಗೊಂಡು 2006ರ ಸುಮಾರಿಗೆ ಮನೆಗಳಿಗೆ ಬಂತು. ಇದನ್ನು ಸೌದೆ ಒಲೆಯಂತೆ ಬುಡದಿಂದ ಹೊತ್ತಿಸುವುದಲ್ಲ. ಬೆಂಕಿ ಮೇಲಿನ ಪದರಕ್ಕೆ ತಾಗಬೇಕು. ಪುಟ್ಟ ಫ್ಯಾನಿನ ಗಾಳಿ ತಳದಿಂದ ನುಗ್ಗಿ ಪೆಲೆಟ್ಟನ್ನು ಅನಿಲವಾಗಿಸುತ್ತದೆ, ಬಾಯಿಯ ಬಳಿಯ ತೂತುಗಳ ಗಾಳಿ ಅದನ್ನು ಉರಿಸುತ್ತದೆ.

ಹೊತ್ತದಿದ್ದರೆ ಮೊದಲ ಅನುಮಾನ ತೇವದ ಮೇಲೆ. ಮಳೆಗಾಲದಲ್ಲಿ ತೆರೆದ ಚೀಲದ ಪೆಲೆಟ್ ಉಬ್ಬಿ ಪುಡಿಯಾಗಿ ಗಾಳಿಯ ದಾರಿ ಕಟ್ಟುತ್ತದೆ. ಜರಡಿ ಹಿಡಿದು, ಮುಚ್ಚಳದ ಡಬ್ಬಿಯಲ್ಲಿಡಬೇಕು. ಚನ್ನರಾಯಪಟ್ಟಣದಂಥ ತೆಂಗಿನ ಸೀಮೆಯಲ್ಲಿ ಒಣ ನಾರನ್ನು ಮೇಲೆ ಹರಡಿ ಕಡ್ಡಿ ಗೀರಬಹುದು.

ಉರಿ ನಡುವೆ ಸೊರಗಿದರೆ ಫ್ಯಾನಿನ ಬ್ಯಾಟರಿಯ ಚಾರ್ಜು, ತಳದ ಜಾಲರಿಯ ಬೂದಿ ನೋಡಬೇಕು. ಉರಿಯುವಾಗಲೇ ಪೆಲೆಟ್ ಸುರಿಯುವುದು ದೊಡ್ಡ ತಪ್ಪು: ಹೊಸ ಪದರ ಜ್ವಾಲೆ ನಂದಿಸಿ ಹೊಗೆ ಎಬ್ಬಿಸುತ್ತದೆ, ಅದನ್ನು ಕುಡಿಯುವವರು ಅಡುಗೆ ಮಾಡುವವರೇ. ಅಡುಗೆಗೆ ಬೇಕಾದಷ್ಟನ್ನು ಒಮ್ಮೆಗೇ ತುಂಬಿ, ಆರಿದ ಮೇಲೆ ಬೂದಿ ತೆಗೆದು ಮತ್ತೆ ತುಂಬಬೇಕು.