ಗೀಸರ್ ಬದಲಿಸುವ ಮುನ್ನ ಬಚ್ಚಲನ್ನೊಮ್ಮೆ ನೋಡಿ

ನೀರು ತುಂಬುವ ಹಬ್ಬದ ಸಂಜೆ ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹುಳಿ ಹಚ್ಚಿ ತಿಕ್ಕಿ, ಕುತ್ತಿಗೆಗೆ ಬಳ್ಳಿ ಸುತ್ತಿ, ನೀರು ತುಂಬಿಸಿಡುವುದು ನಮ್ಮ ಊರ ಕಡೆಯ ಪದ್ಧತಿ. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ನಮಗೆ ಇಲ್ಲಿ ಒಲೆಯೂ ಇಲ್ಲ, ಹಂಡೆಯೂ ಇಲ್ಲ. ಬಚ್ಚಲಿನ ಗೋಡೆಗೆ ತೂಗುಹಾಕಿದ ಗೀಸರೇ ನಮ್ಮ ಹಂಡೆ. ಎಂಟು ಹತ್ತು ವರ್ಷ ಸದ್ದಿಲ್ಲದೆ ದುಡಿದ ಈ ಹಂಡೆ ಒಂದು ಬೆಳಿಗ್ಗೆ ಕೈಕೊಟ್ಟಾಗಲೇ ನಮಗೆ ಅದರ ನೆನಪಾಗುವುದು. ಆಗ ಅವಸರದಲ್ಲಿ ಅಂಗಡಿಗೆ ಓಡುತ್ತೇವೆ. ಅಂಗಡಿಯವನು ಕೇಳುವ ಮೊದಲ ಪ್ರಶ್ನೆ: ಟ್ಯಾಂಕ್ ಇರುವುದೋ, ಇನ್‌ಸ್ಟಂಟೋ, ಗ್ಯಾಸಿನದೋ?

ಇದಕ್ಕೆ ಉತ್ತರ ಇರುವುದು ಅಂಗಡಿಯಲ್ಲಲ್ಲ, ನಮ್ಮ ಮನೆಯಲ್ಲಿ.

ಮೊದಲು ತಿಳಿಯಬೇಕಾದುದು ಹಳೆಯ ಗೀಸರನ್ನು ನಿಜಕ್ಕೂ ಎಸೆಯಬೇಕೇ ಎಂಬುದು. ನೀರು ಬಿಸಿಯಾಗುತ್ತಿಲ್ಲವೆಂದರೆ ಹೆಚ್ಚಾಗಿ ಎಲಿಮೆಂಟ್ ಸುಟ್ಟಿರುತ್ತದೆ ಅಥವಾ ಥರ್ಮೋಸ್ಟಾಟ್ ಕೆಟ್ಟಿರುತ್ತದೆ. ಇವೆರಡನ್ನೂ ಬದಲಿಸಬಹುದು. ಆದರೆ ಒಳಗಿನ ಟ್ಯಾಂಕೇ ತುಕ್ಕು ಹಿಡಿದು ಸೋರತೊಡಗಿದರೆ ರಿಪೇರಿಗೆ ದುಡ್ಡು ಸುರಿಯುವುದು ವ್ಯರ್ಥ. ಹೊಸದೇ ಬೇಕು.

ಲೆಕ್ಕ ಏನು ಹೇಳುತ್ತದೆ?

ಇನ್‌ಸ್ಟಂಟ್ ತೆಗೆದುಕೊಂಡರೆ ಕರೆಂಟ್ ಬಿಲ್ಲು ಅರ್ಧಕ್ಕರ್ಧ ಇಳಿಯುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ದಿನವಿಡೀ ಲೆಕ್ಕದೊಂದಿಗೇ ಏಗುವ ನನ್ನಂಥ ಬ್ಯಾಂಕ್ ಗುಮಾಸ್ತನಿಗೆ ಇದನ್ನು ಸುಮ್ಮನೆ ಒಪ್ಪಲು ಮನಸ್ಸಾಗುವುದಿಲ್ಲ. 20 ಲೀಟರಿನ ಒಂದು ಬಕೆಟ್ ನೀರನ್ನು 15 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಲು ಸುಮಾರು 0.35 ಯುನಿಟ್ ವಿದ್ಯುತ್ ಬೇಕು. ಟ್ಯಾಂಕಿನಲ್ಲಿ ಕಾಯಿಸಿದರೂ ಅಷ್ಟೇ, ಇನ್‌ಸ್ಟಂಟಿನಲ್ಲಿ ಕಾಯಿಸಿದರೂ ಅಷ್ಟೇ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಐದು ಬಕೆಟ್ ಎಂದರೆ ಸುಮಾರು ಒಂದೂಮುಕ್ಕಾಲು ಯುನಿಟ್. ಯುನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ ಹದಿನೇಳೆಂಟು ರೂಪಾಯಿ.

ಹಾಗಾದರೆ ವ್ಯತ್ಯಾಸ ಎಲ್ಲಿ? ಟ್ಯಾಂಕಿನಲ್ಲಿ ಕಾದ ನೀರು ಬಳಸದೆ ಉಳಿದರೆ ಮೆಲ್ಲಗೆ ತಣಿಯುತ್ತದೆ. ಸ್ವಿಚ್ ಆನ್ ಇದ್ದರೆ ಗೀಸರ್ ಅದನ್ನು ಮತ್ತೆ ಮತ್ತೆ ಕಾಯಿಸುತ್ತದೆ. ನಷ್ಟವಾಗುವುದು ಇಲ್ಲಿ. ಬೆಳಿಗ್ಗೆ ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿ ಸ್ವಿಚ್ ಆರಿಸುವ ಮನೆಯಲ್ಲಿ ಈ ನಷ್ಟ ತೀರಾ ಕಡಿಮೆ. ಒಬ್ಬರು ಐದಕ್ಕೆ, ಒಬ್ಬರು ಹನ್ನೊಂದಕ್ಕೆ, ಇನ್ನೊಬ್ಬರು ರಾತ್ರಿ ಪಾಳಿ ಮುಗಿಸಿ ಬಂದು ಮೀಯುವ ಮನೆಯಾದರೆ ಇನ್‌ಸ್ಟಂಟ್ ಲಾಭದಾಯಕ.

ಟ್ಯಾಂಕ್ ಗೀಸರನ್ನೇ ಕೊಳ್ಳುವವರು ಅದರ ಮೇಲಿನ ಸ್ಟಾರ್ ಚೀಟಿ ನೋಡಬೇಕು. ಸ್ಟಾರ್ ಹೆಚ್ಚಿದ್ದಷ್ಟೂ ಬಿಸಿ ಒಳಗೇ ಉಳಿಯುತ್ತದೆ. 15 ಲೀಟರಿನ ಗೀಸರ್ ಒಮ್ಮೆ ಪೂರ್ತಿ ಕಾದರೆ, ತಣ್ಣೀರು ಬೆರೆಸಿ ಸುಮಾರು ಒಂದೂವರೆ ಬಕೆಟ್ ಹದವಾದ ನೀರು ಸಿಗುತ್ತದೆ. ಬಕೆಟ್ ಸ್ನಾನ ಮಾಡುವ ಸಣ್ಣ ಕುಟುಂಬಕ್ಕೆ ಇಷ್ಟು ಸಾಕು. ಶವರ್ ಬಳಸುವವರಿಗೆ 25 ಲೀಟರ್ ಬೇಕಾದೀತು.

ಇನ್‌ಸ್ಟಂಟಿನ ಮಿತಿಯೂ ತಿಳಿದಿರಲಿ. 3 ಕಿಲೋವ್ಯಾಟ್‌ನ ಗೀಸರ್, ನೀರನ್ನು 15 ಡಿಗ್ರಿ ಬಿಸಿ ಮಾಡಿ ಒಂದು ಬಕೆಟ್ ತುಂಬಿಸಲು ಸುಮಾರು ಏಳು ನಿಮಿಷ ತೆಗೆದುಕೊಳ್ಳುತ್ತದೆ. ನಳ್ಳಿಯನ್ನು ಜೋರಾಗಿ ಬಿಟ್ಟರೆ ಬರುವುದು ಉಗುರುಬೆಚ್ಚಗಿನ ನೀರು. ನಳ್ಳಿಯ ನೀರು ಅಷ್ಟೇನೂ ತಣ್ಣಗಿರದ ಮುಂಬಯಿಯಲ್ಲಿ ಇದು ನಡೆಯುತ್ತದೆ. ದಿಲ್ಲಿಯ ಚಳಿಗಾಲದಲ್ಲಿ, ಪುಣೆಯ ಡಿಸೆಂಬರ್ ಬೆಳಗಿನಲ್ಲಿ ಟ್ಯಾಂಕೇ ಮೇಲು.

ವೈರು ಎಷ್ಟು ತಡೆದೀತು?

ಹಳೆಯ ಚಾಳು, ಹಳೆಯ ಕಟ್ಟಡಗಳಲ್ಲಿ ಇರುವ ನಮ್ಮವರು ಇದನ್ನು ಮುಖ್ಯವಾಗಿ ಗಮನಿಸಬೇಕು. 2 ಕಿಲೋವ್ಯಾಟ್‌ನ ಟ್ಯಾಂಕ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ 13 ಆಂಪಿಯರ್, 4.5 ಕಿಲೋವ್ಯಾಟ್‌ನದಾದರೆ ಹತ್ತಿರ ಹತ್ತಿರ 20 ಆಂಪಿಯರ್. ಟಿವಿ, ಫ್ಯಾನಿಗೆಂದು ಎಳೆದ ಸಪೂರ ವೈರು ಇದನ್ನು ತಾಳಲಾರದು. ಗೀಸರಿಗೆ ಪ್ರತ್ಯೇಕ ಲೈನು, ಪ್ರತ್ಯೇಕ ಎಂಸಿಬಿ, ಸರಿಯಾದ ಅರ್ಥಿಂಗ್ ಇರಲೇಬೇಕು. ಶಾಕ್ ತಗಲಿದೊಡನೆ ಕರೆಂಟ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿಕೊಂಡರೆ ಇನ್ನೂ ಉತ್ತಮ. ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟೆಂದು ಕರೆಂಟ್ ಬಿಲ್ಲಿನಲ್ಲಿ ಬರೆದಿರುತ್ತದೆ. ಅದನ್ನು ನೋಡಿಕೊಂಡೇ ಅಂಗಡಿಗೆ ಹೋಗಿ.

ಎತ್ತರದ ಟವರುಗಳಲ್ಲಿ ಇರುವವರಿಗೆ ಇನ್ನೊಂದು ಮಾತು. ಮೇಲಿನ ಟಾಕಿಯಿಂದ ಇಳಿಯುವ ನೀರಿನ ಒತ್ತಡ ಪ್ರತಿ ಹತ್ತು ಮೀಟರಿಗೆ ಸುಮಾರು ಒಂದು ಬಾರ್‌ನಷ್ಟು ಏರುತ್ತದೆ. ಆದ್ದರಿಂದ ಕೆಳಗಿನ ಮಹಡಿಯವರು 8 ಬಾರ್ ತಡೆಯುವ ಗೀಸರನ್ನೇ ಕೇಳಿ ಪಡೆಯಬೇಕು. ತಾನ್ಸಾ, ಭಾತ್ಸಾದಂಥ ಸರೋವರಗಳಿಂದ ಬರುವ ಮುನಿಸಿಪಾಲಿಟಿ ನೀರು ಮೆದು. ಬೋರ್‌ವೆಲ್ ಅಥವಾ ಟ್ಯಾಂಕರಿನ ನೀರನ್ನೇ ನಂಬಿರುವ ಸೊಸೈಟಿಗಳಲ್ಲಿ ಎಲಿಮೆಂಟಿಗೆ ಸುಣ್ಣದ ಪದರ ಕಟ್ಟುತ್ತದೆ. ಅಂಥಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ತೊಳೆಸಿ, ಟ್ಯಾಂಕನ್ನು ತುಕ್ಕಿನಿಂದ ಕಾಯುವ ಆನೋಡ್ ಕಡ್ಡಿಯನ್ನು ಪರೀಕ್ಷಿಸಬೇಕು.

ಗ್ಯಾಸ್ ಗೀಸರ್: ಅಗ್ಗ, ಆದರೆ ಎಚ್ಚರ!

ಗ್ಯಾಸ್ ಗೀಸರ್ ಅಗ್ಗ, ನೀರು ಬೇಗ ಕಾಯುತ್ತದೆ, ವೈರಿನ ತಲೆನೋವಿಲ್ಲ. ಎಲ್ಲವೂ ನಿಜ. ಆದರೆ ಇದನ್ನು ಬಚ್ಚಲಿನ ಒಳಗೆ ಇಡಲೇಬಾರದು. ಗ್ಯಾಸು ಉರಿಯಲು ಗಾಳಿ ಬೇಕು. ನಮ್ಮ ಫ್ಲ್ಯಾಟಿನ ಬಚ್ಚಲು ಎಷ್ಟು ಅಗಲ? ಬಾಗಿಲು ಹಾಕಿ, ಚಳಿಗೆಂದು ಕಿಟಕಿಯನ್ನೂ ಮುಚ್ಚಿದರೆ ಒಳಗಿನ ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ರಕ್ತವನ್ನು ಹಿಡಿದುಕೊಳ್ಳುತ್ತದೆ. ತಲೆ ಭಾರವಾಗಿ, ಕಣ್ಣು ಕತ್ತಲೆಗಟ್ಟಿ, ಚಿಲಕ ತೆಗೆಯುವ ಶಕ್ತಿಯೂ ಇಲ್ಲದೆ ಮನುಷ್ಯ ಅಲ್ಲೇ ಕುಸಿಯುತ್ತಾನೆ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿ ಚಳಿಗಾಲ ಬಂತೆಂದರೆ ಪತ್ರಿಕೆಗಳಲ್ಲಿ ಕಾಣಿಸುವುದು ಇದರಿಂದಲೇ.

ಗ್ಯಾಸಿನದೇ ಬೇಕೆಂದಾದರೆ ಅದನ್ನು ಗಾಳಿಯಾಡುವ ಬಾಲ್ಕನಿಯಲ್ಲೋ ಹೊರಗೋಡೆಯಲ್ಲೋ ಕೂರಿಸಿ, ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತನ್ನಿ. ಉರಿ ನೀಲಿಯಾಗಿರಬೇಕು. ಹಳದಿಯಾದರೆ ಮೆಕ್ಯಾನಿಕ್ ಬರುವವರೆಗೆ ಹಚ್ಚಬೇಡಿ. ಯಾರಾದರೂ ಬಚ್ಚಲಿನಲ್ಲಿ ತಲೆಸುತ್ತಿ ಬಿದ್ದರೆ ತಕ್ಷಣ ಗ್ಯಾಸ್ ನಿಲ್ಲಿಸಿ, ಬಾಗಿಲು ಕಿಟಕಿ ತೆರೆದು, ಅವರನ್ನು ಹೊರಗಿನ ಗಾಳಿಗೆ ಎಳೆದು ತನ್ನಿ. ಆಸ್ಪತ್ರೆಯಲ್ಲಿ 'ಗ್ಯಾಸ್ ಗೀಸರ್ ಉರಿಯುತ್ತಿತ್ತು' ಎಂದು ಡಾಕ್ಟರಿಗೆ ಮೊದಲೇ ತಿಳಿಸಿ. ಚಿಕಿತ್ಸೆಯ ದಾರಿ ಆ ಒಂದು ಮಾತಿನಿಂದ ನಿರ್ಧಾರವಾಗಬಹುದು.

ಊರಿನಿಂದ ಬಂದ ಹಿರಿಯರು ಮನೆಯಲ್ಲಿದ್ದರೆ ವಿಶೇಷ ಕಾಳಜಿ ಬೇಕು. 60 ಡಿಗ್ರಿ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ. ಥರ್ಮೋಸ್ಟಾಟನ್ನು ತಗ್ಗಿಸಿಡಿ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬುದನ್ನು ಮನೆಮಂದಿಗೆಲ್ಲ ರೂಢಿ ಮಾಡಿಸಿ. ಅಜ್ಜ ಅಜ್ಜಿ ಮೀಯುವಾಗ ಬಚ್ಚಲಿಗೆ ಒಳಗಿನಿಂದ ಚಿಲಕ ಬೇಡ.

ಹೀಗೆ ಮನೆಯಲ್ಲಿ ಎಷ್ಟು ಜನ, ಯಾವ ಹೊತ್ತಿಗೆ ಮೀಯುತ್ತಾರೆ, ವೈರು ಎಷ್ಟು ತಡೆಯುತ್ತದೆ, ನೀರು ಎಂಥದ್ದು, ಗಾಳಿ ಎಷ್ಟಿದೆ ಎಂಬ ಐದು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಐಎಸ್‌ಐ ಗುರುತಿಲ್ಲದ ಮಾಲನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಉಳಿಸುವ ಐನೂರು ಸಾವಿರ ರೂಪಾಯಿಗಿಂತ ನಮ್ಮವರ ಪ್ರಾಣ ದೊಡ್ಡದು.