ಬಿಡಲೊಲ್ಲದ ಬೋಲ್ಟು

ಮನೆಯಲ್ಲಿ ಮೋಟಾರು ಗಾಡಿಯನ್ನಿಟ್ಟುಕೊಂಡ ಗೃಹಸ್ಥರಲ್ಲಿ ಹೆಚ್ಚಿನವರು ಅದರ ಎಣ್ಣೆ, ನೀರು, ಗಾಳಿ ಈ ಮೂರನ್ನು ಆಗಾಗ ವಿಚಾರಿಸಿಕೊಳ್ಳುವುದುಂಟು. ಚಕ್ರವನ್ನು ಗಾಡಿಗೆ ಬಂಧಿಸಿರುವ ನಾಲ್ಕೈದು ನಟ್ಟುಗಳನ್ನು ವಿಚಾರಿಸುವವರು ಮಾತ್ರ ವಿರಳ. ಈ ಲೇಖಕನೂ ಆ ಹೆಚ್ಚಿನವರ ಗುಂಪಿಗೆ ಸೇರಿದವನೇ ಆಗಿದ್ದನು.

ಕೆಲವು ವರ್ಷಗಳ ಕೆಳಗೆ, ಆಷಾಢದ ಒಂದು ರಾತ್ರಿ, ಕುಮಟೆಯಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟದ ನಡುವೆ ನಮ್ಮ ಗಾಡಿಯ ಹಿಂದಿನ ಚಕ್ರದ ಗಾಳಿ ಹೋಯಿತು. ಒಳಗೆ ವೃದ್ಧೆಯಾದ ನನ್ನ ತಾಯಿಯವರು ಜ್ವರದಲ್ಲಿ ಮಲಗಿದ್ದರು. ಅವರನ್ನು ಬಹುಕಾಲದಿಂದ ನೋಡುತ್ತಿದ್ದ ಶಿರಸಿಯ ವೈದ್ಯರಲ್ಲಿಗೆ ಹೊರಟಿದ್ದೆವು. ಚಕ್ರ ಬದಲಾಯಿಸಲು ಕಾಲು ಗಂಟೆ ಸಾಕೆಂದು ಅವರಿಗೆ ಧೈರ್ಯ ಹೇಳಿ ಕೆಳಗಿಳಿದೆನು. ಮೂರು ನಟ್ಟುಗಳು ಹೇಗೋ ಬಂದವು. ನಾಲ್ಕನೆಯದು ಬರಲಿಲ್ಲ. ಗಾಡಿಯೊಡನೆ ಕೊಟ್ಟಿದ್ದ ಮೋಟು ಪಾನಾದ ಮೇಲೆ ನಿಂತೆನು; ಕೊನೆಗೆ ಕುಣಿದೆನು. ಪಾನಾ ಜಾರಿ ಮೊಣಕಾಲಿನ ಚರ್ಮ ಸುಲಿಯಿತೇ ಹೊರತು ನಟ್ಟು ಎಳ್ಳಷ್ಟೂ ಕದಲಲಿಲ್ಲ. ಎರಡು ಮಳೆಗಾಲದ ಹಿಂದೆ ಯಾವುದೋ ಒಂದು ಅಂಗಡಿಯಲ್ಲಿ ಗಾಳಿಯ ಯಂತ್ರದಿಂದ ‘ಗರ್ರ್’ ಎಂದು ಬಿಗಿಸಿಕೊಂಡು ಬಂದಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಹುಬ್ಬಳ್ಳಿಯ ಕಡೆಯ ಲಾರಿಯೊಂದು ಬಂದು ನಿಂತಿತು. ಅದರ ಚಾಲಕನು ನನ್ನ ಕುಣಿತವನ್ನು ಕ್ಷಣಕಾಲ ನೋಡಿ, “ಸಾಹೇಬ್ರ, ಹಂಗ ಜೋರ ಮಾಡಬ್ಯಾಡ್ರಿ, ಮುರೀತೈತಿ. ಮದಲ ಒಂಚೂರು ಬಿಗಿ ಮಾಡಬೇಕ್ರಿ” ಎಂದನು.

“ಬಿಚ್ಚಬೇಕಾದುದನ್ನು ಬಿಗಿಯುವುದೇ?” ಎಂದು ಕೇಳಿದೆನು.

“ನೀವು ಈ ಕಡೆ ಸರದು ಬ್ಯಾಟರಿ ಹಿಡೀರಿ” ಎಂಬುದೇ ಅದಕ್ಕೆ ಉತ್ತರ.

ಅವನು ಕೆಸರನ್ನು ಒರಸಿ, ತಿರುಪಿನ ತುದಿಗೆ ಬಾಟಲಿಯಿಂದ ನಾಲ್ಕು ಹನಿ ಡೀಸಲ್ ಬಿಟ್ಟನು. ಬಳಿಕ ನಮ್ಮ ತಾಯಿಯವರೊಡನೆ ಮಳೆಯ ವಿಚಾರವಾಗಿ ಮಾತಿಗೆ ನಿಂತನು. ನನ್ನ ತಳಮಳವನ್ನು ಅವನು ಲೆಕ್ಕಿಸಲಿಲ್ಲ. ಹತ್ತು ನಿಮಿಷವಾದ ಮೇಲೆ ಮತ್ತೆ ನಾಲ್ಕು ಹನಿ. ಆಮೇಲೆ ನಟ್ಟಿನ ಮೋರೆಗೆ ನೇರವಾಗಿ ಸುತ್ತಿಗೆಯ ಹತ್ತು ಹನ್ನೆರಡು ಪೆಟ್ಟು. ಲಾರಿಯ ಉದ್ದ ಪಾನಾವನ್ನು ಹಾಕಿ ಬಿಗಿಯುವ ದಿಕ್ಕಿಗೆ ಒಮ್ಮೆ ಅದುಮಿದನು. ‘ಕಟ್’ ಎಂದಿತು. ನಟ್ಟು ಮುರಿಯಿತೆಂದೇ ನನ್ನ ಎದೆ ಹಾರಿತು. ಮುರಿದದ್ದು ತುಕ್ಕು. ನಟ್ಟನ್ನು ಹಿಂದಕ್ಕೆ ಅಷ್ಟು, ಮುಂದಕ್ಕೆ ಇಷ್ಟು ಆಡಿಸಿ ಐದು ನಿಮಿಷದಲ್ಲಿ ಅಂಗೈಯ ಮೇಲಿಟ್ಟನು. ಆ ರಾತ್ರಿ ವೈದ್ಯರ ಮನೆಯನ್ನು ಸೇರಿದೆವು. ಅವನು ಮಾಡಿದುದರಲ್ಲಿ ಒಂದೊಂದಕ್ಕೂ ಕಾರಣವಿದೆಯೆಂಬುದನ್ನು ನಾನು ತಿಳಿದುಕೊಂಡದ್ದು ಆಮೇಲೆ.

ಕಬ್ಬಿಣವು ನೀರು ಮತ್ತು ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆಂಬುದು ಎಲ್ಲರೂ ಬಲ್ಲ ವಿಷಯ. ಆದರೆ ಹಾಗೆ ಹುಟ್ಟಿದ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಸ್ಥಳವನ್ನು ಬೇಡುತ್ತದೆಂಬುದನ್ನು ಅನೇಕರು ಅರಿಯರು. ಬೋಲ್ಟಿನ ಸುರುಳಿಗೂ ನಟ್ಟಿನ ಸುರುಳಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಅಷ್ಟರೊಳಗೆ ತುಕ್ಕು ಉಬ್ಬಿದರೆ ನಟ್ಟು ಬೆಣೆ ಹೊಡೆದಂತಾಗುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ, ಕಡಲಿನ ಉಪ್ಪು ಗಾಳಿಯಲ್ಲಿ ತೇಲುವ ನಮ್ಮ ಕರಾವಳಿಯಲ್ಲಿ ಈ ಕಾರ್ಯವು ಬಯಲುಸೀಮೆಗಿಂತ ಬೇಗ ನಡೆಯುತ್ತದೆ. ಉಪ್ಪು ಬೆರೆತ ನೀರು ಕಬ್ಬಿಣವನ್ನು ತಿನ್ನುವ ವಿದ್ಯುತ್ ಕ್ರಿಯೆಗೆ ದಾರಿ ಮಾಡಿಕೊಡುವುದೇ ಅದಕ್ಕೆ ಕಾರಣ.

ಈ ತುಕ್ಕು ಬಲವಾದುದು ನಿಜ, ಆದರೆ ಗಾರೆಯಂತೆ ಪೆಡಸು. ಬಾಗುವ ಗುಣ ಅದಕ್ಕಿಲ್ಲ. ಆದುದರಿಂದಲೇ ಒಂದೇ ಸಮನೆ ಎಳೆಯುವುದಕ್ಕಿಂತ ಪೆಟ್ಟು ಮೇಲು. ಒಂದೇ ದಿಕ್ಕಿಗೆ ತಿರುಗಿಸುವುದಕ್ಕಿಂತ ಹಿಂದುಮುಂದಾಗಿ ಆಡಿಸುವುದು ಮೇಲು. ಬಿಗಿಯುವ ದಿಕ್ಕಿಗೆ ರವಷ್ಟು ಸರಿದರೂ ತುಕ್ಕಿನಲ್ಲಿ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ರವಷ್ಟು ಎಂಬ ಮಾತನ್ನು ಮರೆಯಕೂಡದು. ಸರಿಯದೆ ಹೋದರೆ ಅಲ್ಲಿಗೇ ಬಿಟ್ಟು ಮತ್ತೆ ಎಣ್ಣೆಗೆ ಬರತಕ್ಕದ್ದು.

ಎಣ್ಣೆಯ ವಿಚಾರದಲ್ಲಿ ಜನರು ಮಾಡುವ ತಪ್ಪು ಮುಖ್ಯವಾಗಿ ಒಂದೇ: ಹಾಕಿದ ಕೂಡಲೆ ಪಾನಾ ಹಿಡಿಯುವುದು. ಹಣತೆಯ ಬತ್ತಿಯು ಎಣ್ಣೆಯನ್ನು ಹೇಗೆ ತಾನಾಗಿ ಮೇಲಕ್ಕೆಳೆದುಕೊಳ್ಳುವುದೋ ಹಾಗೆಯೇ ಸುರುಳಿಯ ಸಂದೂ ಎಳೆದುಕೊಳ್ಳಬೇಕು. ಅದಕ್ಕೆ ಕಾಲ ಬೇಕು. ಮನೆಯಲ್ಲಿ ನಿಂತ ಗಾಡಿಯಾದರೆ ತಂತಿಯ ಬ್ರಷ್ಷಿನಿಂದ ಹೊರಗಿನ ತುಕ್ಕನ್ನು ಉಜ್ಜಿ, ಸಂಜೆಗೊಮ್ಮೆ, ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಒಮ್ಮೆ ಹಾಕುವುದು ಒಳ್ಳೆಯದು. ಅಡಿಗೆಯ ಎಣ್ಣೆ, ಹರಳೆಣ್ಣೆಗಳು ಮಂದವಾದುದರಿಂದ ಒಳಗಿಳಿಯವು. ಸೀಮೆ ಎಣ್ಣೆ, ಡೀಸಲ್ ಇಳಿಯುತ್ತವೆ. ಇದಕ್ಕೆಂದೇ ತಯಾರಿಸಿದ ತೆಳು ಎಣ್ಣೆಗಳು ಅಂಗಡಿಯಲ್ಲಿ ದೊರೆಯುತ್ತವೆ. ಅವು ಇನ್ನೂ ಉತ್ತಮ. ಎಲ್ಲರ ಬಾಯಲ್ಲಿರುವ ಡಬ್ಲ್ಯುಡಿ-40 ಎಂಬುದು 1953ರಲ್ಲಿ ಅಮೆರಿಕೆಯ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು. ಅದರ ಮೊದಲ ಉದ್ದೇಶ ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕನ್ನು ತಡೆಯುವುದು. ನಲವತ್ತನೆಯ ಸಲದ ಪ್ರಯತ್ನ ಫಲಿಸಿತೆಂದು ಹೆಸರಿನಲ್ಲಿ ಆ ಸಂಖ್ಯೆ ಉಳಿಯಿತು. ಸಾಧಾರಣ ತುಕ್ಕಿಗೆ ಅದು ಸಾಕು, ಹಳೆಯ ತುಕ್ಕಿಗೆ ಬೇರೆಯದನ್ನು ಹುಡುಕಬೇಕಾದೀತು.

ಇನ್ನು ಪಾನಾ. ಬಾಯಿ ತೆರೆದ ಪಾನಾ ನಟ್ಟಿನ ಎರಡು ಮಗ್ಗುಲನ್ನು ಮಾತ್ರ ಹಿಡಿಯುತ್ತದೆ. ಜಾರಿದರೆ ಮೂಲೆಗಳು ಸವೆದು ನಟ್ಟು ಗುಂಡಾಗುತ್ತದೆ, ಗುಂಡಾದ ನಟ್ಟಿಗಿಂತ ತಲೆನೋವು ಬೇರೊಂದಿಲ್ಲ. ಆರು ಮೂಲೆಯನ್ನೂ ಸುತ್ತಿ ಹಿಡಿಯುವ ಪಾನಾವನ್ನೇ ಬಳಸಬೇಕು. ಅದಕ್ಕೆ ಕೊಳವೆ ತೊಡಿಸಿ ಉದ್ದ ಮಾಡಿಕೊಳ್ಳುವ ಮುಂಚೆ ಸ್ವಲ್ಪ ಲೆಕ್ಕ ಹಾಕುವುದು ಮೇಲು. 8 ಮಿಲಿಮೀಟರಿನ ಬೋಲ್ಟನ್ನು ಬಿಗಿಯಲು ಕಾಲು ಮೀಟರಿನ ಪಾನಾದ ತುದಿಯಲ್ಲಿ ಸುಮಾರು 10 ಕಿಲೋ ಭಾರದ ಒತ್ತು ಸಾಕು. ಅದೇ ಒತ್ತನ್ನು ಒಂದು ಮೀಟರಿನ ಕೊಳವೆಯ ತುದಿಯಲ್ಲಿ ಹಾಕಿದರೆ ಬಲವು ನಾಲ್ಕು ಪಟ್ಟಾಗುತ್ತದೆ; ಅಷ್ಟನ್ನು ಆ ಬೋಲ್ಟು ತಡೆಯದು. ಚಕ್ರದ ನಟ್ಟು ದಪ್ಪವಾದುದರಿಂದ ಉದ್ದ ಹಿಡಿಯನ್ನು ತಡೆಯುತ್ತದೆ, ಹೊಗೆಕೊಳವೆಯ ಸಣ್ಣ ಬೋಲ್ಟು ತಡೆಯುವುದಿಲ್ಲ.

ಯಾವ ಕಡೆ ತಿರುಗಿಸಬೇಕೆಂಬುದನ್ನೂ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಅಪ್ರದಕ್ಷಿಣೆಯೇ ಬಿಚ್ಚುವ ದಿಕ್ಕು. ಆದರೆ ಹಳೆಯ ವಿಲ್ಲಿಸ್ ಜೀಪುಗಳ ಎಡಬದಿಯ ಚಕ್ರಗಳಿಗೆ ಎಡಸುತ್ತಿನ ತಿರುಪುಗಳಿದ್ದವು. ಅವನ್ನು ಬಿಚ್ಚಲು ಪ್ರದಕ್ಷಿಣೆಯಾಗಿ ತಿರುಗಿಸಬೇಕು. ಅರಿಯದೆ ಇನ್ನಷ್ಟು ಬಿಗಿದು ಮುರಿದವರುಂಟು.

ಎಣ್ಣೆಗೂ ಪೆಟ್ಟಿಗೂ ಮಣಿಯದಿದ್ದರೆ ಉಳಿದದ್ದು ಬೆಂಕಿ. 12 ಮಿಲಿಮೀಟರಿನ ಉಕ್ಕಿನ ನಟ್ಟನ್ನು 200 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಅದರ ರಂಧ್ರವು ಸುಮಾರು 0.03 ಮಿಲಿಮೀಟರು ಹಿಗ್ಗುತ್ತದೆ. ಇದು ಅಲ್ಪವೆಂದು ತೋರಬಹುದು. ತುಕ್ಕನ್ನು ಒಡೆಯಲು ಸಾಕು. ಕಾಯಿಸಬೇಕಾದದ್ದು ನಟ್ಟನ್ನು, ಬೋಲ್ಟನ್ನಲ್ಲ. ಬಿಸಿಯಿರುವಾಗಲೇ ಮೇಣದ ಬತ್ತಿಯನ್ನು ಸಂದಿಗೆ ಮುಟ್ಟಿಸಿದರೆ ಕರಗಿದ ಮೇಣವು ಒಳಗೆ ಸೇರಿ ಜಾರುವಂತೆ ಮಾಡುತ್ತದೆ. ಇದು ಹಳೆಯ ಕಮ್ಮಟದವರ ಉಪಾಯ. ನಾನು ಮಾಡಿ ನೋಡಿ ಮೆಚ್ಚಿದ್ದೇನೆ. ಆದರೆ ಎಣ್ಣೆ ಹಾಕಿದ ಕಡೆ, ಪೆಟ್ರೋಲಿನ ತೊಟ್ಟಿ ಮತ್ತು ನಳಿಗೆಗಳ ಬಳಿ, ಬ್ರೇಕಿನ ರಬ್ಬರು ಕೊಳವೆಗಳ ಬಳಿ ಬೆಂಕಿ ತರಕೂಡದು. ಟಯರು ಹಾಕಿದ ಚಕ್ರದ ನಟ್ಟಿಗಂತೂ ಬೆಂಕಿ ಬೇಡವೇ ಬೇಡ. ಒಳಗಿನ ಗಾಳಿ ಕಾದು ಟಯರು ಸಿಡಿದರೆ ಎದುರಿಗಿದ್ದವನು ಉಳಿಯುವುದು ಕಷ್ಟ. ಬೆಂಕಿಯ ಕೆಲಸವನ್ನು ಗೃಹಸ್ಥನು ಬಲ್ಲವರಿಗೆ ಬಿಡುವುದೇ ವಿವೇಕ.

ಇದಕ್ಕಿಂತಲೂ ಹೆಚ್ಚಿನ ಅಪಾಯವೊಂದು ಮನೆಯಂಗಳದಲ್ಲಿಯೇ ಇದೆ. ಗಾಡಿಯನ್ನು ಜಾಕಿನ ಮೇಲೆ ಎತ್ತಿದ ಮೇಲೆ ಬಲವಾಗಿ ಪಾನಾ ಎಳೆದರೆ ಗಾಡಿ ಜಾಕಿನಿಂದ ಜಾರುತ್ತದೆ. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ, ಕೈಬ್ರೇಕು ಹಾಕಿ, ಉಳಿದ ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಸುತ್ತು ಸಡಲಿಸಿಕೊಂಡು ಆಮೇಲೆ ಎತ್ತಬೇಕು. ಬರೀ ಜಾಕಿನ ಆಧಾರದಲ್ಲಿರುವ ಗಾಡಿಯ ಕೆಳಗೆ ತಲೆ ಹಾಕಬಾರದು, ಕೈಯನ್ನೂ ಹಾಕಬಾರದು. ಬೋಲ್ಟು ಬಾರದಿದ್ದರೆ ಹೋಗಲಿ.

ಇಷ್ಟಾಗಿಯೂ ಬೋಲ್ಟಿನ ತಲೆ ಕಿತ್ತು ಬಂದರೆ ದಾರಿಗಳಿವೆ. ನಟ್ಟನ್ನು ಉಳಿಯಿಂದ ಸೀಳಬಹುದು. ಮೋಟು ಹೊರಗೆ ಚಾಚಿದ್ದರೆ ಅದರ ಮೇಲೆ ಹೊಸ ನಟ್ಟನ್ನಿಟ್ಟು ಬೆಸುಗೆ ಹಾಕಿಸಿ ತಿರುಗಿಸಬಹುದು. ಬೆಸುಗೆಯ ಕಾವೇ ಅರ್ಧ ಕೆಲಸ ಮಾಡುತ್ತದೆ. ಒಳಗೇ ಉಳಿದರೆ ನಡುವೆ ತೂತು ಕೊರೆದು ಎಡಸುತ್ತಿನ ಕೀಲನ್ನು ಹೊಡೆದು ತೆಗೆಯುವ ಸಾಧನವುಂಟು. ಆ ಗಟ್ಟಿ ಕೀಲೂ ಒಳಗೇ ಮುರಿದರೆ ಅರ್ಧ ಗಂಟೆಯ ಕೆಲಸ ಎರಡು ದಿನದ್ದಾಗುತ್ತದೆ.

ಹಳೆಯದು ಬಂದಮೇಲೆ ಹಾಗೆಯೇ ಮರಳಿ ಹಾಕಬಾರದು. ಸುರುಳಿಗಳನ್ನು ಬ್ರಷ್ಷಿನಿಂದ ಶುಚಿ ಮಾಡಿ, ಸವೆದಿದ್ದರೆ ಹೊಸದನ್ನು ತರಬೇಕು. ಹೊಗೆಕೊಳವೆ ಮುಂತಾದ ಕಡೆ ತಾಮ್ರದ ಪುಡಿ ಬೆರೆಸಿದ ಗ್ರೀಸನ್ನು ಸವರಿದರೆ ಮುಂದಿನ ಸಲ ಸುಲಭ. ಚಕ್ರದ ನಟ್ಟುಗಳಿಗೆ ಮಾತ್ರ ಎಣ್ಣೆ, ಗ್ರೀಸು ಹಚ್ಚಬಾರದೆಂದು ಹೆಚ್ಚಿನ ತಯಾರಕರು ವಿಧಿಸುತ್ತಾರೆ, ಏಕೆಂದರೆ ಜಾರುವ ಸುರುಳಿಯು ಅಳತೆಗೆ ಮೀರಿ ಬಿಗಿಯುತ್ತದೆ. ಬಿಚ್ಚಲು ಹಾಕಿದ ಎಣ್ಣೆಯನ್ನು ಒರಸಿ ತೆಗೆಯಬೇಕು. ಬ್ರೇಕಿನ ತಟ್ಟೆಗೆ ಒಂದು ಹನಿಯೂ ತಗಲಬಾರದು. ಎದುರುಬದುರಿನ ನಟ್ಟುಗಳನ್ನು ಸರದಿಯಾಗಿ ಬಿಗಿದು, ನೂರು ಕಿಲೋಮೀಟರು ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ನಮ್ಮ ಮನೆಯಲ್ಲಿ ಈಗ ಆಯುಧಪೂಜೆಯ ಹಿಂದಿನ ಸಂಜೆ, ಗಾಡಿಯನ್ನು ತೊಳೆಯುವ ಮುಂಚೆ, ನಾಲ್ಕು ಚಕ್ರಗಳ ನಟ್ಟುಗಳನ್ನೂ ಒಂದೊಂದಾಗಿ ಸಡಲಿಸಿ ಮರಳಿ ಬಿಗಿಯುವ ರೂಢಿಯಾಗಿದೆ. ಗಾಡಿಯ ಹಿಂಬದಿಯಲ್ಲಿ ಅರ್ಧ ಮೀಟರಿನ ಒಂದು ಪಾನಾ, ಸುತ್ತಿಗೆ, ಎಣ್ಣೆಯ ಡಬ್ಬಿ ಖಾಯಮ್ಮಾಗಿ ಇವೆ. ಕತ್ತಲಾದರೆ ಬ್ಯಾಟರಿ ಹಿಡಿಯಲು ತಾಯಿಯವರೇ ಬರುತ್ತಾರೆ. ಮೊದಲು ಒಂಚೂರು ಬಿಗಿ ಮಾಡಿದೆಯೋ ಇಲ್ಲವೋ ಎಂದು ಕೇಳದೆ ಇರುವುದಿಲ್ಲ.